ಹಲಸಿನ ಮರದಡಿಯ ಬಸ್ಸು

ಅವಳ ಅಂಗೈ ತುಂಬ ಅಗಲ. ಮೇಲೆ ಕಪ್ಪು, ಒಳಗೆ ತಿಳಿ ಗುಲಾಬಿ, ಹೆಬ್ಬೆರಳಿನ ಬುಡದಲ್ಲಿ ಯಾವತ್ತೋ ಬಿಸಿ ಪಾತ್ರೆ ಹಿಡಿದು ಸುಟ್ಟುಕೊಂಡ ಕಲೆ. ಆ ಅಂಗೈಯಿಂದ ಬಸ್ಸಿನ ತಗಡಿಗೆ ಎರಡು ಸಲ ಬಡಿದಳೆಂದರೆ ಮಕ್ಕಳೆಲ್ಲ ಹತ್ತಿಯಾಯಿತು, ಹೊರಡಬಹುದು ಎಂದು ಅರ್ಥ. ಕಾರ್ಕಳದ ಕಡೆಯ ಸರ್ವಿಸ್ ಬಸ್ಸುಗಳ ಕಂಡಕ್ಟರರ ಬಡಿತ ಕೇಳಿ ಬೆಳೆದವನು ನಾನು. ಆ ಬಡಿತದಲ್ಲಿ ಹಿಂದೆ ಬರುವ ಇನ್ನೊಂದು ಬಸ್ಸಿನ ಭಯ ಯಾವಾಗಲೂ ಇರುತ್ತಿತ್ತು. ಇವಳ ಬಡಿತದಲ್ಲಿ ಅವಸರವಿರಲಿಲ್ಲ. ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ ಒಂದು, ಸ್ವಲ್ಪ ತಡೆದು ಇನ್ನೊಂದು. ಈಗಲೂ ಬಹರೈನಿನ ಗುಫೂಲ್‌ನ ಈ ಫ್ಲ್ಯಾಟಿನಲ್ಲಿ ಅರೆನಿದ್ರೆಯಲ್ಲಿ ಇರುವಾಗ ಎಲ್ಲೋ ಬಾಗಿಲು ಹಾಕಿದ ಸದ್ದು ಎರಡು ಸಲ ಕೇಳಿದರೆ ನನ್ನ ಬಲಗಾಲು ತಾನಾಗಿ ಆಕ್ಸಿಲರೇಟರ್ ಹುಡುಕುತ್ತದೆ.

ಬಹರೈನ್‌ನಲ್ಲಿ ಶಾಲಾ ಮಕ್ಕಳ ಬಸ್ಸು ಓಡಿಸಿ ಬದುಕಿದವನು ನಾನು. ಓದಿದ್ದು ಹೈಸ್ಕೂಲಿನ ತನಕ. ಬಸ್ಸು ಶಾಲೆಯದ್ದಲ್ಲ, ಒಬ್ಬ ಖಾಸಗಿ ಮಾಲೀಕರದ್ದು. ಅವಳು ಆ ಬಸ್ಸಿನ ಆಯಾ, ಉಗಾಂಡದ ಒಂದು ಹಳ್ಳಿಯವಳು. ಮಕ್ಕಳು ಬಸ್ ಆಂಟಿ ಎಂದು ಕರೆಯುತ್ತಿದ್ದರು. ನನ್ನ ಮಗಳಿಗಿಂತ ಕೆಲವೇ ವರ್ಷ ದೊಡ್ಡವಳಾದರೂ ನಾನೂ ಆಂಟಿ ಎಂದೇ ಕರೆದೆ. ಅವಳಿಗೆ ನಾನು ‘ಸೆಬೊ’. ಅವರ ಭಾಷೆಯಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು ಅದು. ನಾವಿಬ್ಬರು ಮಾತಾಡುತ್ತಿದ್ದದ್ದು ಅರ್ಧ ಇಂಗ್ಲಿಷ್, ಅರ್ಧ ಹಿಂದಿ, ನಡುನಡುವೆ ಇಲ್ಲಿಯ ಅರಬಿ. ಅದನ್ನೆಲ್ಲ ಇಲ್ಲಿ ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಸೆಗಯಾದಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಒಂದು ದಿನಸಿ ಅಂಗಡಿಯ ಎದುರು ಬಸ್ಸು ಹತ್ತಿದವಳು ಮೆಟ್ಟಿಲ ಮೇಲೆಯೇ ಮಂಡಿಯೂರಿ ಕೂತುಬಿಟ್ಟಳು. ಏನೋ ಬಿದ್ದಿರಬೇಕು ಎಂದುಕೊಂಡು ನಾನು ಟಾರ್ಚ್ ತೆಗೆದು ಸೀಟಿನ ಕೆಳಗೆಲ್ಲ ಬೆಳಕು ಬಿಟ್ಟೆ.

“ಎಂತ ಬಿದ್ದದ್ದು?” ಎಂದು ಕೇಳಿದೆ.

“ಏನೂ ಬಿದ್ದಿಲ್ಲ ಸೆಬೊ. ನಮಸ್ಕಾರ ಮಾಡಿದೆ. ನಮ್ಮಲ್ಲಿ ಹಿರಿಯರಿಗೆ ಹೀಗೆ.”

“ಇಲ್ಲಿ ಹಾಗೆಲ್ಲ ಬೇಡ ಮಾರಾಯ್ತಿ. ಮಕ್ಕಳಿಗೆ ತಡ ಆಗ್ತದೆ.”

ಅವಳು ಎದ್ದು, ಮಂಡಿಯ ಧೂಳು ಕೊಡವಿ, ನಕ್ಕಳು. ಆಮೇಲೆ ಹಾಗೆ ಕೂರಲಿಲ್ಲ. ಆದರೆ ದಿನವೂ ಹತ್ತುವಾಗ ಮಂಡಿಯನ್ನು ಒಂದಿಷ್ಟು ಬಗ್ಗಿಸುವಳು, ಮರೆತ ಒಂದು ಹೆಜ್ಜೆ ನೆನಪಾದ ಹಾಗೆ.

ಗುಫೂಲ್, ಸೆಗಯಾ ಸುತ್ತಿ ಮಕ್ಕಳನ್ನು ತುಂಬಿಕೊಂಡು ಈಸಾ ಟೌನಿಗೆ ಹೋಗುವುದು ನಮ್ಮ ದಾರಿ. ಯಾವ ಮಗು ಕಿಟಕಿಗೆ ತಲೆಯಿಟ್ಟು ಮಲಗುತ್ತದೆ, ಯಾವುದು ತಿಂಡಿ ತಿನ್ನದೆ ಬಂದಿದೆ ಎಂದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಶಾಲೆಯ ಬಾಗಿಲಲ್ಲಿ ಎಲ್ಲರೂ ಇಳಿದ ಮೇಲೆ ಅವಳು ಒಂದೊಂದೇ ಸೀಟು ಬಗ್ಗಿ ನೋಡುತ್ತ ಹಿಂದಿನ ತನಕ ಹೋಗಿ, ಕೊನೆಯ ಸೀಟಿನ ಬೆನ್ನಿಗೆ ಎರಡು ಸಲ ಬಡಿಯುವಳು. ಯಾರೂ ಉಳಿದಿಲ್ಲ ಎಂದು ಅದರ ಅರ್ಥ. ಆ ಬಡಿತ ಕೇಳದೆ ನಾನು ಬಸ್ಸಿಗೆ ಬೀಗ ಹಾಕುವ ಹಾಗಿರಲಿಲ್ಲ. ಇದು ಅವಳು ಮಾಡಿದ ಕಾನೂನು.

ಒಂದು ಸಲ ಇಬ್ಬರು ಹುಡುಗಿಯರಿಗೆ ಬಸ್ ಲೀಡರ್ ಯಾರಾಗಬೇಕೆಂದು ಜಗಳವಾಯಿತು. ಕೈ ಎತ್ತಿಸಿ ನೋಡು ಎಂದೆ. ಅವಳು ಒಪ್ಪಲಿಲ್ಲ. ಮಧ್ಯಾಹ್ನ ಶಾಲೆಯ ಗೋಡೆಯ ನೆರಳಿನಲ್ಲಿ ಇಬ್ಬರನ್ನೂ ನಿಲ್ಲಿಸಿ, ಯಾರಿಗೆ ಯಾರು ಬೇಕೋ ಅವರ ಹಿಂದೆ ಸಾಲಾಗಿ ನಿಲ್ಲಿ ಎಂದಳು. ಮಕ್ಕಳು ಅತ್ತಿಂದಿತ್ತ ಓಡಾಡಿ, ಗೆಳತಿಯರ ಮುಖ ನೋಡಿ, ನಾಚಿ, ಕೊನೆಗೆ ನಿಂತರು.

“ನಮ್ಮ ಹಳ್ಳಿಯ ಚುನಾವಣೆ ಹೀಗೆಯೇ ಸೆಬೊ,” ಎಂದಳು. “ಚೀಟಿ ಇಲ್ಲ, ಡಬ್ಬ ಇಲ್ಲ. ನಿಂತವರ ಹಿಂದೆ ಹೋಗಿ ನಿಲ್ಲಬೇಕು. ಊರೆಲ್ಲ ನೋಡ್ತದೆ.”

“ನಮ್ಮಲ್ಲಿ ಹಾಗೆ ಮಾಡಿದ್ರೆ ಮರುದಿನ ಹೊಡೆದಾಟ,” ಎಂದೆ.

“ನಮ್ಮಲ್ಲಿಯೂ ಆಗ್ತದೆ. ಆದರೂ ಕೈ ಎತ್ತುವುದು ಸುಲಭ. ನಡೆದುಕೊಂಡು ಬಂದು ಒಬ್ಬರ ಹಿಂದೆ ನಿಲ್ಲುವುದು ಬೇರೆ.”

ಅವಳಿಗೆ ಒಂದೇ ಒಂದು ಆಸೆಯಿತ್ತು. ಊರಿಗೆ ಹೋಗಿ ಹಳ್ಳಿಯ ಅಧ್ಯಕ್ಷೆಯ ಸ್ಥಾನಕ್ಕೆ ನಿಲ್ಲಬೇಕು, ಗೆದ್ದು, ಇಳಿಜಾರಿನ ಬುಡದಲ್ಲಿರುವ ಒರತೆಗೆ ಮೆಟ್ಟಿಲು ಕಟ್ಟಿಸಬೇಕು. ಹಳದಿ ಕ್ಯಾನುಗಳಲ್ಲಿ ನೀರು ಹೊತ್ತು ಆ ಕೆಂಪು ಮಣ್ಣಿನಲ್ಲಿ ಹತ್ತುವಾಗ ಅವಳ ತಂಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳಂತೆ. ಈಗ ಇದ್ದ ಅಧ್ಯಕ್ಷ ಅಂಗಡಿಯ ಯಜಮಾನ. ಪ್ರತಿ ಸಲವೂ ಸಭೆಯಲ್ಲಿ ಸೋಪು, ಸಕ್ಕರೆ ಹಂಚಿ ಗೆಲ್ಲುವವನು.

ಬೆಳಗಿನ ಟ್ರಿಪ್ಪು ಮುಗಿದ ಮೇಲೆ ಮಧ್ಯಾಹ್ನದ ತನಕ ಬಸ್ಸು ಈಸಾ ಟೌನಿನಲ್ಲಿ ಖಾಲಿ ನಿಂತಿರುತ್ತಿತ್ತು. ಆ ಹೊತ್ತಿನಲ್ಲಿ ಅವಳು ಭಾಷಣ ಕಲಿತಳು. ಪರದೆಗಳ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಬೀಳುವುದು, ಅದರಲ್ಲಿ ಧೂಳು ಮೆಲ್ಲನೆ ತೇಲುವುದು. ಮುಂದಿನ ಎರಡು ಸಾಲು ಊರ ಹಿರಿಯರು. ನಡುವಿನ ಸಾಲುಗಳು ಹೆಂಗಸರು, ಬೆನ್ನಿಗೆ ಮಕ್ಕಳನ್ನು ಕಟ್ಟಿಕೊಂಡವರು. ಹಿಂದಿನ ಸೀಟು ಪುಂಡ ಹುಡುಗರದ್ದು. ನನ್ನನ್ನು ಅವಳು ಅಲ್ಲಿಗೆ ಕಳುಹಿಸುವಳು.

“ಸೆಬೊ, ನೀವು ಕೂಗಬೇಕು. ಸಭೆಯಲ್ಲಿ ಕೂಗುವವರು ಇದ್ದೇ ಇರ್ತಾರೆ.”

“ಎಂತ ಕೂಗುದು?”

“ಸಕ್ಕರೆ ಎಲ್ಲಿ ಅಂತ ಕೂಗಿ.”

ನಾನು ಕೂಗುವೆ. ಅವಳು ಎಂಜಿನ್ನಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತು ಉತ್ತರಿಸುವಳು: “ಸಕ್ಕರೆ ನಾಳೆಯ ಚಹಾದಲ್ಲಿ ಮುಗಿದುಹೋಗ್ತದೆ. ಮೆಟ್ಟಿಲು ನಿಮ್ಮ ಮೊಮ್ಮಗಳ ಕಾಲಿಗೂ ಸಿಗ್ತದೆ.” ಮೊದಲು ಇಂಗ್ಲಿಷಿನಲ್ಲಿ ನನಗಾಗಿ, ಆಮೇಲೆ ತನ್ನ ಭಾಷೆಯಲ್ಲಿ ಸೀಟುಗಳಿಗಾಗಿ. ಎ.ಸಿ. ಆರಿಸಿದ ಬಸ್ಸಿನಲ್ಲಿ ಕಣ್ಣು ಎಳೆಯುತ್ತ ಬರುವಾಗ ನನಗೆ ಆ ಸೀಟುಗಳಲ್ಲಿ ನಿಜವಾಗಿ ಜನ ಕಾಣುತ್ತಿದ್ದರು. ಹೊರಗೆ ಮರಳಿನ ಬಣ್ಣದ ಗೋಡೆಗಳು, ಒಳಗೆ ಹಸಿ ಬಾಳೆಯ ತೋಟ. ಆ ಹಳ್ಳಿಗೆ ನಾನು ಮೊದಲು ಹೋದದ್ದು ಹಾಗೆ, ಹಿಂದಿನ ಸೀಟಿನಲ್ಲಿ ಕೂತುಕೊಂಡೇ.

ಈಗ ಆ ದಿನದ ಮಾತು.

ಕೊನೆಯ ಸೀಟಿನಲ್ಲಿ ಕೂರುವ ಒಬ್ಬ ಚಿಕ್ಕ ಹುಡುಗನಿದ್ದ. ನಮ್ಮ ಕಡೆಯವರೇ, ಕುಂದಾಪುರದವರು, ಮನೆ ಗುಫೂಲ್‌ನಲ್ಲಿ. ಆಂಟಿಗೆ ಅವನೆಂದರೆ ಹೆಚ್ಚು ಪ್ರೀತಿ. ಅವನಿಂದ ಅವಳು ಒಂದಷ್ಟು ಕನ್ನಡ ಮಾತು ಕಲಿತಿದ್ದಳು. ಬನ್ನಿ, ಕೂತ್ಕೊಳ್ಳಿ, ಹಿಂದೆ ಹೋಗಿ, ಎಂತ ಮಾಡುದು. ಅವನು ಹೇಳಿದ ಹಾಗೆಯೇ ಎಳೆದು ಹೇಳುವಳು.

ಆ ಬೆಳಿಗ್ಗೆ ಮಕ್ಕಳು ಇಳಿದ ಮೇಲೆ ಅವಳು ಎಂದಿನಂತೆ ಹಿಂದಕ್ಕೆ ಹೊರಟಳು. ನಾನೇ ತಡೆದೆ. “ಆಂಟಿ, ಮೊದಲು ಬೇಕರಿಗೆ ಹೋಗಿ ಬಿಸಿ ರೊಟ್ಟಿ ತಾ. ಸಾಲು ಉದ್ದ ಆಗ್ತದೆ. ಹಿಂದೆ ನಾನು ನೋಡ್ತೇನೆ.” ಅವಳು ಒಂದು ಕ್ಷಣ ನಿಂತಳು. “ನೋಡ್ತೀರಲ್ಲ?” ಎಂದಳು. ಹೌದು ಎಂದೆ. ಅವಳು ಇಳಿದು ಹೋದಳು. ಅಷ್ಟರಲ್ಲಿ ಊರಿನಿಂದ ಫೋನು ಬಂತು. ನನ್ನ ತಮ್ಮ ಗ್ರಾಮ ಪಂಚಾಯಿತಿಗೆ ನಿಂತಿದ್ದ. ಆ ದಿನ ಎಣಿಕೆ. “ಅಣ್ಣಾ, ನಮ್ಮ ಮನೆಯವರೇ ನನಗೆ ಓಟು ಕೊಡ್ಲಿಲ್ಲ ಅಂತ ಕಾಣ್ತದೆ,” ಎಂದು ಅವನು ಅಳುವ ದನಿಯಲ್ಲಿ ಹೇಳುತ್ತಿದ್ದ. ನಾನು ಫೋನು ಕಿವಿಗಿಟ್ಟುಕೊಂಡೇ ಇಳಿದೆ, ಅಭ್ಯಾಸಬಲದಿಂದ ಬಾಗಿಲು ಎಳೆದು ಬೀಗ ಹಾಕಿದೆ, ಗೋಡೆಯ ನೆರಳಿಗೆ ಹೋಗಿ ನಿಂತು ಯಾರು ಯಾರಿಗೆ ಮೋಸ ಮಾಡಿದರು ಎಂಬ ಕತೆಯನ್ನೆಲ್ಲ ಕೇಳಿದೆ. ಎರಡು ಬಡಿತದ ಸದ್ದು ಕೇಳಿಲ್ಲ ಎಂಬುದು ನನಗೆ ನೆನಪಾಗಲೇ ಇಲ್ಲ.

ರೊಟ್ಟಿ ತಂದವಳು ಹಿಂದಿನ ಗಾಜಿನಲ್ಲಿ ಒಂದು ಪುಟ್ಟ ಬೂಟು ಕಂಡಳು. ಅವಳು ಕಿರುಚಲಿಲ್ಲ. ಓಡಿ ಬಂದು ನನ್ನ ಕಿಸೆಗೇ ಕೈ ಹಾಕಿ ಕೀಲಿಕೈ ಕಿತ್ತುಕೊಂಡಳು. ಸೀಟಿನಲ್ಲಿ ನಿದ್ದೆಹೋಗಿದ್ದ ಹುಡುಗ ಬೆವರಿನಲ್ಲಿ ತೊಯ್ದುಹೋಗಿದ್ದ. ನೀರು ಕುಡಿಸಿದ ಮೇಲೆ ಕಣ್ಣು ಬಿಟ್ಟು, ಬ್ಯಾಗ್ ಎಲ್ಲಿ ಎಂದು ಕೇಳಿದ. ಚಳಿಗಾಲ ಮುಗಿಯುತ್ತ ಬಂದಿದ್ದ ದಿನಗಳು ಅವು. ಜೂನ್ ತಿಂಗಳಾಗಿದ್ದರೆ ಎಂಬ ಮಾತನ್ನು ಮುಗಿಸಲು ನನ್ನಿಂದ ಈಗಲೂ ಆಗುವುದಿಲ್ಲ.

ಸಂಜೆ ಮಾಲೀಕರ ಆಫೀಸಿಗೆ ಹುಡುಗನ ತಾಯಿ ಬಂದರು. ನಾನು, ಆಂಟಿ, ಇಬ್ಬರೂ ನಿಂತಿದ್ದೆವು. ಆ ತಾಯಿ ನನ್ನ ಹತ್ತಿರ ಕನ್ನಡದಲ್ಲಿಯೇ ಕೇಳಿದರು: “ಅಂಕಲ್, ಬಸ್ಸಲ್ಲಿ ನಮ್ಮವ್ರು ಇದ್ದಾರೆ ಅಂತ ಧೈರ್ಯ ಇತ್ತು ನಂಗೆ. ಹೇಗಾಯ್ತು ಇದು?”

ಮಗಳು ಆಗ ನರ್ಸಿಂಗ್ ಓದುತ್ತಿದ್ದಳು. ನನ್ನ ಕೆಲಸ ಹೋದರೆ ಅವಳ ವೀಸಾ, ಹೆಂಡತಿಯ ವೀಸಾ ಎಲ್ಲ ಹೋದ ಹಾಗೆ. ಇದನ್ನು ನಾನು ಕಾರಣವೆಂದು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ತಲೆಯೊಳಗೆ ಇದ್ದದ್ದು ಅದೇ ಎಂದು ಹೇಳುತ್ತಿದ್ದೇನೆ.

“ಹಿಂದೆ ನೋಡುದು ಅವಳ ಕೆಲಸ,” ಎಂದು ನಾನೂ ಕನ್ನಡದಲ್ಲಿಯೇ ಹೇಳಿದೆ.

ಆಂಟಿ ನನ್ನ ಕಡೆ ತಿರುಗಿದಳು. ಮಾಲೀಕರು ಅವಳನ್ನು ಇಂಗ್ಲಿಷಿನಲ್ಲಿ ಕೇಳಿದರು, ನೀನು ಎಲ್ಲಿದ್ದೆ ಎಂದು. “ಬೇಕರಿಯಲ್ಲಿದ್ದೆ,” ಎಂದಳು. ಯಾರು ಕಳುಹಿಸಿದರು ಎಂದು ಅವರು ಕೇಳಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತ ಕಾದಳು. ನಾನು ನೆಲ ನೋಡಿದೆ. ಆಮೇಲೆ ಅವಳೂ ಏನೂ ಹೇಳಲಿಲ್ಲ. ಅವಳ ಕೆಲಸ ಹೋಯಿತು. ಸ್ವಲ್ಪ ದಿನದಲ್ಲಿ ಅವಳನ್ನು ಊರಿಗೆ ಕಳುಹಿಸಿದರು. ಬೀಳ್ಕೊಡಲು ನಾನು ಹೋಗಲಿಲ್ಲ.

ಮರೆಯಬಾರದ ಇನ್ನೊಂದು ಸಂಗತಿ ಇದೆ. ಅದನ್ನು ಸಭೆಯ ಜಾಗಕ್ಕೆ ಬಂದಾಗ ಹೇಳುತ್ತೇನೆ.

ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಅವಳ ಧ್ವನಿ ನನ್ನ ಫೋನಿಗೆ ಬರುತ್ತಿತ್ತು. ಕ್ರಿಸ್ಮಸ್ಸಿಗೆ, ಈಸ್ಟರಿಗೆ. ಹಿನ್ನೆಲೆಯಲ್ಲಿ ಕೋಳಿ ಕೂಗು, ಮಳೆ. “ಸೆಬೊ, ಮೊಣಕಾಲು ಹೇಗಿದೆ? ಮಗಳು ಪಾಸಾದಳಾ?” ನಾನು ಒಂದೆರಡು ಮಾತಿನ ಉತ್ತರ ಕಳುಹಿಸಿ ಫೋನು ಮಗುಚಿ ಇಡುತ್ತಿದ್ದೆ. ಮಗಳು ಪಾಸಾದಳು, ಇಲ್ಲಿಯೇ ಆಸ್ಪತ್ರೆಗೆ ಸೇರಿದಳು, ಹೆಂಡತಿ ತೀರಿಕೊಂಡಳು, ನಾನು ಸ್ಟಿಯರಿಂಗ್ ಬಿಟ್ಟೆ.

ಹೀಗಿರುವಾಗ ಒಂದು ದಿನ ಅವಳ ದನಿ ಬೇರೆಯಾಗಿತ್ತು. ನಗುತ್ತಲೇ ಹೇಳಿದಳು. ಕೊನೆಗೂ ಚುನಾವಣೆಗೆ ನಿಂತಿದ್ದಾಳೆ. ಆದರೆ ಬಹರೈನ್‌ನಿಂದ ಮರಳಿದ ಅದೇ ಕಡೆಯ ಇನ್ನೊಬ್ಬ ಹೆಂಗಸು ಹಳೆಯ ಸುದ್ದಿ ಹೇಳಿಬಿಟ್ಟಿದ್ದಾಳೆ. ಅಂಗಡಿ ಯಜಮಾನನ ಹುಡುಗರು ಅದಕ್ಕೆ ಹಾಡು ಕಟ್ಟಿದ್ದಾರೆ. ಅರಬರ ನಾಡಿನಲ್ಲಿ ಮಗುವನ್ನು ಬಸ್ಸಿನಲ್ಲಿ ಬೀಗ ಹಾಕಿ ರೊಟ್ಟಿ ತಿನ್ನಲು ಹೋದವಳು, ನಮ್ಮ ಮಕ್ಕಳನ್ನು ಕಾಯುತ್ತಾಳಾ ಎಂದು. “ಹೆಂಗಸರು ಒರತೆಯಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸ್ತಾರೆ ಸೆಬೊ. ಹಾಡು ಮಾತ್ರ ಚೆನ್ನಾಗಿದೆ, ನನಗೇ ಬಾಯಿಪಾಠ ಆಗಿದೆ.”

ಬಾ ಎಂದು ಅವಳು ಹೇಳಲಿಲ್ಲ. ನಾನು ಮಗಳಿಗೆ ಹೇಳಿದೆ.

“ಪಪ್ಪಾ, ನಿಮಗೆ ಮಂಡಿನೋವು, ಶುಗರ್ ಬೇರೆ. ಆಫ್ರಿಕಾದಲ್ಲಿ ನಿಮಗೆ ಎಂತ ಕೆಲಸ?”

“ಚುನಾವಣೆ ಸಭೆ ಉಂಟು.”

“ಯಾರದ್ದು?”

ಆಗ ಎಲ್ಲವನ್ನೂ ಹೇಳಿದೆ. ಅವಳು ನನ್ನ ಮಾತ್ರೆಗಳನ್ನು ಬೆಳಗಿನದ್ದು ಬೇರೆ, ಸಂಜೆಯದ್ದು ಬೇರೆ ಮಾಡಿ ಕಟ್ಟಿ, “ನಾನು ಆಗ ನಿಮ್ಮ ಹತ್ರ ಕೇಳಿದ್ದೆ ಪಪ್ಪಾ, ಬಸ್ ಆಂಟಿ ಯಾಕೆ ಹೋದ್ರು ಅಂತ. ಊರಿನ ನೆನಪಾಯ್ತಂತೆ ಅಂದಿದ್ರಿ,” ಎಂದಷ್ಟೇ ಹೇಳಿದಳು.

ಆ ಪ್ರಯಾಣ ನನಗೆ ಕಂಡ ಕನಸಿನ ಹಾಗೆಯೇ ನೆನಪಿದೆ. ವಿಮಾನ, ಆಮೇಲೆ ಒಂದು ವ್ಯಾನು, ಆಮೇಲೆ ‘ಬೋಡಾ’ ಎನ್ನುವ ಬಾಡಿಗೆ ಬೈಕಿನ ಹಿಂದೆ ಕೂತು ಬಾಳೆತೋಟಗಳ ನಡುವೆ. ಮಣ್ಣು ನಮ್ಮೂರಿನ ಮುರಕಲ್ಲಿನಷ್ಟೇ ಕೆಂಪು. ಹಲಸಿನ ಹಣ್ಣಿನ ವಾಸನೆ ಬಂದಾಗ ಬೈಕಿನವನ ಹೆಗಲು ಹಿಡಿದು ನಿಲ್ಲಿಸಲು ಹೇಳಿದೆ. ನಾನು ಎಲ್ಲಿದ್ದೇನೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ದಾರಿಯಲ್ಲಿ ಉದ್ದನೆಯ ಬಿಳಿ ನಿಲುವಂಗಿಯ ಮುದುಕರು ನಡೆದು ಹೋಗುತ್ತಿದ್ದರು. ಬಹರೈನ್‌ನ ಹಿರಿಯರೇ ಬಾಳೆತೋಟದಲ್ಲಿ ದಾರಿ ತಪ್ಪಿದ ಹಾಗೆ ಕಂಡಿತು.

ಸಭೆ ಚರ್ಚಿನ ಶಾಲೆಯ ಬಯಲಿನಲ್ಲಿ, ದೊಡ್ಡ ಹಲಸಿನ ಮರದ ಕೆಳಗೆ. ಒಂದು ಪಿಕಪ್ಪಿನ ಮೇಲೆ ಸ್ಪೀಕರುಗಳು, ಎದುರಿಗೆ ನೀಲಿ ಪ್ಲಾಸ್ಟಿಕ್ ಕುರ್ಚಿಗಳು. ಭುಜದ ಮೇಲೆ ಚೂಪಾಗಿ ನಿಲ್ಲುವ ಬಣ್ಣಬಣ್ಣದ ಉಡುಪಿನಲ್ಲಿ ಹೆಂಗಸರು ಚಾಪೆ ಹಾಸಿ ಕೂತಿದ್ದರು. ಆಂಟಿ ಮೈಕು ಹಿಡಿದು ನಿಂತಿದ್ದಳು. ತೆಳ್ಳಗಾಗಿದ್ದಳು, ಕೂದಲ ಅಂಚು ಬೆಳ್ಳಗಾಗಿತ್ತು. ನನ್ನನ್ನು ಕಂಡವಳು ಮೈಕನ್ನು ಕುರ್ಚಿಯ ಮೇಲಿಟ್ಟು, ಅಷ್ಟೂ ಜನರ ಎದುರು ಕೆಂಪು ಮಣ್ಣಿನಲ್ಲಿ ಮಂಡಿಯೂರಿದಳು. ಈ ಸಲ ನಾನು ಬೇಡ ಎನ್ನಲಿಲ್ಲ.

ಜನ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಹಿಂದಿನಿಂದ ಯಾರೋ ಏನೋ ಕೂಗಿದರು, ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿದ್ದ ಚರ್ಚಿನ ಉಪದೇಶಿ ಇಂಗ್ಲಿಷ್ ಬಲ್ಲವರು. “ಇಂಡಿಯನ್ನನ ಚೀಲದಲ್ಲಿ ಸಕ್ಕರೆ ಎಷ್ಟಿದೆ ಅಂತ ಕೇಳ್ತಿದ್ದಾರೆ,” ಎಂದರು. ಅಲ್ಲಿಯ ಜನಕ್ಕೆ ನಮ್ಮ ದೇಶದವರೆಂದರೆ ಅಂಗಡಿಯವರು. ನನ್ನ ಚೀಲದಲ್ಲಿದ್ದದ್ದು ಮಾತ್ರೆ ಮತ್ತು ಒಂದು ಟವೆಲ್ಲು.

ಆಂಟಿ ಮಾತು ಮುಂದುವರಿಸಿದಳು. ಮತ್ತೆ ಹಿಂದಿನಿಂದ ಸಕ್ಕರೆಯ ಕೂಗು ಬಂತು. ಅವಳು ಉತ್ತರ ಹೇಳತೊಡಗಿದಳು. ಆ ಭಾಷೆ ನನಗೆ ಬಾರದು, ಆದರೂ ನನ್ನ ತುಟಿ ಅದರ ಜೊತೆಗೆ ಅಲುಗುತ್ತಿತ್ತು. ಎಲೆಗಳ ನಡುವಿನ ಬಿಸಿಲು ಕೋಲುಕೋಲಾಗಿ ಬೀಳುತ್ತಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು. ಈಸಾ ಟೌನಿನ ಖಾಲಿ ಸೀಟುಗಳಲ್ಲಿ ನಾನು ಕಂಡ ಜನ ಇವರೇ.

ಅಷ್ಟರಲ್ಲಿ ಬೈಕುಗಳು ಹಾರ್ನ್ ಒತ್ತುತ್ತ ಬಂದವು. ಅಂಗಡಿ ಯಜಮಾನನ ಹುಡುಗರು. ಹಾಡು ಶುರುವಾಯಿತು. ಅವಳು ಹೇಳಿದ್ದು ನಿಜ, ರಾಗ ಚೆನ್ನಾಗಿತ್ತು. ಚಾಪೆಯ ಮೇಲಿದ್ದ ಹೆಂಗಸರು ತಲೆ ತಗ್ಗಿಸಿ ಹುಲ್ಲು ಕೀಳತೊಡಗಿದರು. ಇಬ್ಬರು ಎದ್ದು ಚಾಪೆ ಸುತ್ತಿಕೊಂಡರು.

ನಾನು ಎದ್ದು ಮೈಕಿಗೆ ಕೈ ಚಾಚಿದೆ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಬೀಗ ಹಾಕಿದ್ದು ನಾನು, ರೊಟ್ಟಿಗೆ ಕಳುಹಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು. ಆಂಟಿ ಮೈಕು ತೆಗೆದುಕೊಂಡು ಅವರ ಭಾಷೆಯಲ್ಲಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಇದೇನು ಎಂದು ಉಪದೇಶಿಯ ಕಡೆ ನೋಡಿದೆ.

ಅವರು ಮುಜುಗರದಿಂದ ಹೇಳಿದರು: “ಆ ಮಗು ಚೆನ್ನಾಗಿದೆ, ಎತ್ತರ ಬೆಳೆದಿದೆ, ಅದನ್ನು ಹೇಳಲಿಕ್ಕೆ ನೀವು ಇಷ್ಟು ದೂರ ಬಂದಿರಿ ಅಂದಳು.”

“ಆಂಟಿ, ನಾನು ಹೇಳಿದ್ದನ್ನು ಹೇಳು.”

“ಕೂತ್ಕೊಳ್ಳಿ ಸೆಬೊ. ದೂರದಿಂದ ಬಂದ ಹಿರಿಯರನ್ನು ಊರ ಮುಂದೆ ಬಗ್ಗಿಸಿ ನಾನು ಮತದ ಸಾಲು ಉದ್ದ ಮಾಡುವುದಿಲ್ಲ.”

ಅವಳ ಹಟ ನನಗೆ ಗೊತ್ತು. ಏನು ಮಾಡುವುದೆಂದು ತಿಳಿಯದೆ ನಿಂತಿದ್ದವನಿಗೆ ಎದುರಿನ ಕುರ್ಚಿಗಳು ಕಂಡವು. ಯೋಚಿಸಿ ಮಾಡಿದ್ದಲ್ಲ. ಕುರ್ಚಿಗಳನ್ನು ಎಳೆದು ಎರಡೆರಡಾಗಿ ಇಡತೊಡಗಿದೆ, ನಡುವೆ ಓಡಾಡುವ ದಾರಿ ಬಿಟ್ಟು. ಹಿರಿಯರು ನಗುತ್ತ ಎದ್ದು ಜಾಗ ಕೊಟ್ಟರು. ಮುಂದೆ ಒಂದೇ ಕುರ್ಚಿ, ಅದು ನನ್ನದು. ಕೂತು ಸ್ಟಿಯರಿಂಗ್ ತಿರುಗಿಸಿದೆ, ಹಾರ್ನ್ ಹೊಡೆದೆ. ಮಕ್ಕಳು ಕೂಗುತ್ತ ಓಡಿ ಬಂದು ಬಸ್ಸು ತುಂಬಿದರು. ಕೊನೆಯ ಕುರ್ಚಿಯಲ್ಲಿ ಒಂದು ಪುಟ್ಟ ಹುಡುಗಿಯನ್ನು ಕೂರಿಸಿ, ಕೆನ್ನೆಗೆ ಕೈಯಿಟ್ಟು ಮಲಗುವುದು ಹೇಗೆಂದು ತೋರಿಸಿದೆ. ಶಾಲೆ ಬಂತು, ಮಕ್ಕಳೆಲ್ಲ ಇಳಿದರು, ಅವಳೊಬ್ಬಳು ಮಲಗಿದ್ದಳು.

ಆಮೇಲೆ ಆಂಟಿಯ ಕೈ ಹಿಡಿದು ಎಳೆದು ತಂದೆ. ಅವಳು ಒಲ್ಲದೆ ಬಂದಳು. ಹಿಂದಕ್ಕೆ ಹೊರಟವಳನ್ನು ತಡೆದು, ರೊಟ್ಟಿ ಮುರಿದು ತಿನ್ನುವ ಹಾಗೆ ಮಾಡಿ, ದೂರದ ಚರ್ಚಿನ ಕಡೆ ಬೆರಳು ತೋರಿಸಿ ಕಳುಹಿಸಿದೆ. ಹಿಂದೆ ನಾನು ನೋಡುತ್ತೇನೆ ಎಂದು ಎದೆ ಮುಟ್ಟಿಕೊಂಡೆ. ಫೋನು ಕಿವಿಗಿಟ್ಟುಕೊಂಡೆ. ಇಲ್ಲದ ಬಾಗಿಲನ್ನು ಎಳೆದೆ, ಇಲ್ಲದ ಬೀಗ ತಿರುಗಿಸಿದೆ, ಮರದ ಬುಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಮಾತಾಡಿದೆ. ಹಾಡು ಯಾವಾಗ ನಿಂತಿತೋ ತಿಳಿಯಲಿಲ್ಲ. ಕೊನೆಗೆ ಎರಡು ಕುರ್ಚಿಗಳನ್ನು ಆಫೀಸಿನ ಹಾಗೆ ಎದುರುಬದುರು ಇಟ್ಟು, ಯಾರು ಮಾಡಿದ್ದು ಎಂದು ಕೈಯಲ್ಲೇ ಕೇಳಿ, ಅವಳ ಕಡೆ ಬೆರಳು ತೋರಿಸಿದೆ. ಆ ಬೆರಳನ್ನು ಹಾಗೆಯೇ ತಿರುಗಿಸಿ ನನ್ನ ಕಡೆ ಇಟ್ಟುಕೊಂಡೆ.

ಚಾಪೆಯ ಮೇಲಿಂದ ಒಬ್ಬ ಮುದುಕಿ ಏನೋ ಕೇಳಿದಳು. ಉಪದೇಶಿ ಈಗ ತಾವಾಗಿಯೇ ಅನುವಾದ ಮಾಡಿದರು. “ಯಾಕೆ ಸುಳ್ಳು ಹೇಳಿದೆ ಅಂತ.”

“ಹೆದರಿದೆ,” ಎಂದೆ.

ಮುದುಕಿ ಮತ್ತೆ ಕೇಳಿದಳು. “ಆ ರೊಟ್ಟಿ ಏನಾಯ್ತು ಅಂತ ಕೇಳ್ತಿದ್ದಾಳೆ.”

ಮರೆಯಬಾರದ ಸಂಗತಿ ಎಂದೆನಲ್ಲ, ಅದು ಇದೇ. ಇಷ್ಟು ವರ್ಷ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ಪಾಪನಿವೇದನೆಯಲ್ಲಿ ಪಾದ್ರಿಗಳೂ ಕೇಳಿರಲಿಲ್ಲ.

“ನಾನು ತಿಂದೆ,” ಎಂದೆ. “ಆಫೀಸಿನಿಂದ ಬಂದ ಮೇಲೆ. ಹಸಿವಾಗಿತ್ತು.”

ಉಪದೇಶಿ ಹೇಳಿದರು. ಜನರ ಗಂಟಲಿನಿಂದ ಉದ್ದನೆಯ ಒಂದು ಹೂಂಕಾರ ಬಂತು, ಸಿಟ್ಟೂ ಅಲ್ಲ, ನಗುವೂ ಅಲ್ಲ. ಚಾಪೆ ಸುತ್ತಿಕೊಂಡು ನಿಂತಿದ್ದ ಇಬ್ಬರು ಹೆಂಗಸರು ಅದನ್ನು ಮತ್ತೆ ಬಿಡಿಸಿ ಕೂತರು. ಕೊನೆಯ ಕುರ್ಚಿಯಲ್ಲಿ ಮಲಗಿದ್ದ ಹುಡುಗಿ ನಿಜವಾಗಿಯೇ ನಿದ್ದೆ ಹೋಗಿದ್ದಳು. ಆಂಟಿ ಹೋಗಿ ಅವಳನ್ನು ಎತ್ತಿಕೊಂಡಳು.

ಮತದಾನ ಕೆಲವು ದಿನಗಳ ಮೇಲೆ ಅದೇ ಬಯಲಿನಲ್ಲಿ. ಉಮೇದುವಾರರಿಬ್ಬರೂ ದೂರದೂರ ನಿಂತರು. ಜನ ಬಂದು ಹಿಂದೆ ಸಾಲಾಗಬೇಕು. ಅಂಗಡಿ ಯಜಮಾನ ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಸಾಲನ್ನು ನೋಡಿಕೊಳ್ಳುತ್ತಿದ್ದ. ನನಗೆ ಮತವಿಲ್ಲ. ಅವಳು ನನ್ನನ್ನು ತನ್ನ ಎದುರಿಗೆ, ಮರದ ನೆರಳಿನಲ್ಲಿ, ಒಂದು ಕುರ್ಚಿಯ ಹಿಂದೆ ನಿಲ್ಲಿಸಿದಳು. ಆಮೇಲೆ, ತನ್ನ ಜಾಗಕ್ಕೆ ಹೋಗುವ ಮೊದಲು, ಆ ಕುಂದಾಪುರದ ಹುಡುಗ ಕಲಿಸಿದ ಹಾಗೆಯೇ ಎಳೆದು, ಕನ್ನಡದಲ್ಲಿ ಹೇಳಿದಳು:

“ಹಿಂದೆ ನೋಡುದು ನಿಮ್ಮ ಕೆಲಸ.”

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವಳಿಗೆ ಅಷ್ಟೆಲ್ಲ ಕನ್ನಡ ತಿಳಿಯದು ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಆಫೀಸಿನಲ್ಲಿ ನಾನು ಹೇಳಿದ ಮಾತು ಅವಳಿಗೆ ಅಂದೇ ತಿಳಿದಿತ್ತು. ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡು, ಕ್ರಿಸ್ಮಸ್ಸಿಗೆ ನನ್ನ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದಳು.

ಅವಳು ನಿಂತಳು. ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ಡ್ರೈವರನ ಕನ್ನಡಿಯ ಹಾಗೆ ಅವಳ ಎದುರಿಗಿದ್ದೆ. ಮೊದಲು ಬಂದು ನಿಂತದ್ದು ರೊಟ್ಟಿಯ ಬಗ್ಗೆ ಕೇಳಿದ ಮುದುಕಿ, ಕೋಲೂರಿಕೊಂಡು. ಆಮೇಲೆ ಉಪದೇಶಿ. ಆಮೇಲೆ ತುಂಬ ಹೊತ್ತು ಯಾರೂ ಇಲ್ಲ. ಆಂಟಿಯ ಕಣ್ಣು ನನ್ನ ಮುಖದ ಮೇಲಿತ್ತು, ನಾನು ಮುಖ ಅಲುಗಿಸದೆ ನಿಂತೆ. ಹೆಂಗಸರು ಹಳದಿ ಕ್ಯಾನುಗಳನ್ನು ಕೈಯಲ್ಲಿ ಹಿಡಿದೇ ಒರತೆಯ ಕಡೆಯಿಂದ ಹತ್ತಿ ಬಂದರು. ಆ ಕಡೆಯ ಸಾಲಿನಿಂದ ಬೈಕಿನ ಹುಡುಗನೊಬ್ಬ ತಲೆ ಕೆರೆದುಕೊಳ್ಳುತ್ತ ದಾಟಿ ಬಂದ. ಸಾಲು ಬಯಲಿನ ಅಂಚು ಮುಟ್ಟಿ, ಬಾಗಿ, ಹಲಸಿನ ಮರವನ್ನು ಬಳಸಿಕೊಂಡು, ಬರಬರುತ್ತ ನನ್ನ ಬೆನ್ನ ಹಿಂದಕ್ಕೇ ಬಂತು.

ಅಧಿಕಾರಿ ಇನ್ನೂ ಎಣಿಸಲು ಶುರು ಮಾಡಿರಲಿಲ್ಲ. ನಾನು ಕುರ್ಚಿಯ ಬೆನ್ನಿಗೆ ಅಂಗೈಯಿಂದ ಬಡಿದೆ. ಒಂದು. ಸ್ವಲ್ಪ ತಡೆದು ಇನ್ನೊಂದು. ಆಗ ಅವಳು ಕಣ್ಣು ಮುಚ್ಚಿಕೊಂಡಳು.

ಹೊರಡುವ ಬೆಳಿಗ್ಗೆ ಬಾಳೆಲೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಕ್ಷಮಿಸು ಎಂದು ನಾನು ಕೇಳಿದೆ. ಅವಳು ಎಲೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಇಲ್ಲಿಯವರಿಗೆ ಹೇಳಿದಿರಿ ಸೆಬೊ. ಆ ಮಗುವಿನ ಅಮ್ಮ ಇಲ್ಲಿಲ್ಲವಲ್ಲ. ಅವಳು ನನ್ನನ್ನು ಹೇಗೆ ನೆನಪಿಟ್ಟುಕೊಂಡಿದ್ದಾಳೋ ಅಂತ ಯೋಚನೆ ಬರ್ತದೆ. ನೀರು ತರುವಾಗ, ಅಡುಗೆ ಮಾಡುವಾಗ.”

ಒರತೆಗೆ ಈಗ ಮೆಟ್ಟಿಲುಗಳಾಗಿವೆ. ಹುಡುಗಿಯರು ಹತ್ತಿ ಬರುವುದನ್ನು ಅವಳು ಫೋನಿಗೆ ಕಳುಹಿಸಿದ್ದಾಳೆ. ಕೊನೆಯ ಮೆಟ್ಟಿಲಲ್ಲಿ ಎಲ್ಲರೂ ಒಮ್ಮೆ ನಿಂತು ಉಸಿರು ಬಿಡುತ್ತಾರೆ. ಅದನ್ನು ನೋಡುತ್ತ ನೋಡುತ್ತ ನನಗೆ ಮಧ್ಯಾಹ್ನದ ನಿದ್ದೆ ಬರುತ್ತದೆ.

ಬಹರೈನಿಗೆ ಮರಳಿದ ಮೇಲೆ ಆ ತಾಯಿಯನ್ನು ಹುಡುಕಿದೆ. ಗುಫೂಲ್‌ನ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಊರಿಗೇ ಹೋದರು ಎಂದು ಕೆಲವರು, ಕೆನಡಾಕ್ಕೆ ಹೋದರು ಎಂದು ಕೆಲವರು ಹೇಳಿದರು. ಹುಡುಗ ಈಗ ಕಾಲೇಜು ಮುಟ್ಟಿರಬೇಕು. ಅಮ್ಮಾ, ನೀವು ಎಲ್ಲಿದ್ದರೂ ಕನ್ನಡ ಓದುತ್ತಿದ್ದೀರಿ ಎಂಬ ನಂಬಿಕೆಯಿಂದ ಇದನ್ನು ಬರೆದಿದ್ದೇನೆ. ನಿಮ್ಮ ಹತ್ತಿರ ನಾನು ಸುಳ್ಳು ಹೇಳಿದ್ದು ಕನ್ನಡದಲ್ಲಿ. ನಿಮ್ಮ ಮಗನನ್ನು ಒಳಗಿಟ್ಟು ಬೀಗ ಹಾಕಿದವನು ನಾನು. ಗಾಜಿನಲ್ಲಿ ಅವನ ಬೂಟು ಕಂಡು ಓಡಿ ಬಂದವಳು ಅವಳು.

ಅಲ್ಲಿ ಅವಳ ಹಿಂದೆ ಮರ ಬಳಸಿ ಬರುವಷ್ಟು ಜನರಿದ್ದರು. ಈ ಊರಿನಲ್ಲಿ ಅವಳ ಹಿಂದೆ ಸದ್ಯಕ್ಕೆ ನಾನೊಬ್ಬನೇ. ತಡವಾಗಿ ಬಂದೆ, ಮಂಡಿ ನೋಯುತ್ತದೆ, ಆದರೂ ನಿಂತಿದ್ದೇನೆ.